ಮಂಚದ ಕೆಳಗಿನ ನಲವತ್ತು ದಿನ

ಆ ಮನೆಯ ಮಂಚದ ಒಂದೊಂದು ಕಾಲಿನ ಅಡಿಗೂ ಮೂರು ಮೂರು ಇಟ್ಟಿಗೆ ಇದ್ದವು. "ನನಗೆ ಹತ್ತೋಕೆ ಏಣಿ ಬೇಕು, ಸೊಸೆಯ ಡಬ್ಬಿಗಳಿಗೆ ಮಾತ್ರ ಅರಮನೆ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಅರಮನೆಯಲ್ಲಿ ಇದ್ದದ್ದು ಎರಡು ತಗಡಿನ ಟ್ರಂಕು, ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ. ಹುಳ ಬೀಳದ ಹಾಗೆ ನಡುನಡುವೆ ಒಣಮೆಣಸಿನಕಾಯಿ. ಅವುಗಳ ಪಕ್ಕದಲ್ಲಿ ಉಪ್ಪು, ಎಣ್ಣೆ, ಸಕ್ಕರೆ, ಕಡ್ಡಿಪೆಟ್ಟಿಗೆ. ಉರಿದುಳಿದ ಮೇಣದ ಬತ್ತಿಯ ತುಂಡುಗಳನ್ನು ಕರಗಿಸಿ, ಹಳೆಯ ಗಾಜಿನ ಲೋಟಕ್ಕೆ ಹೊಯ್ದು, ಹೊಲಿಗೆ ದಾರ ಹೊಸೆದು ಇಳಿಸಿ ಮಾಡಿದ ಆರು ದೀಪ. ಸವೆದ ಸೋಪಿನ ಚೂರುಗಳನ್ನು ನೆನೆಸಿ ಒತ್ತಿ ಮಾಡಿದ ಉಂಡೆಗಳು, ಒಂದೊಂದೂ ನಾಲ್ಕು ಬಣ್ಣದ್ದು. ಹನ್ನೆರಡು ಬಾಟಲಿ ಕುಡಿಯುವ ನೀರು. ಭಾನುವಾರಕ್ಕೊಮ್ಮೆ ಹಳೆಯ ನೀರಲ್ಲಿ ನೆಲ ಒರೆಸಿ ಹೊಸದು ತುಂಬುವುದು. ನಡುವೆ ಸವೆದ ಚಾದರವನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿ ಉಳಿದ ಅಂಚುಗಳನ್ನು ನಡುವಿಗೆ ತಂದು ಹೊಲಿದ ಎರಡು ಚಾದರ. ಅತ್ತೆಯ ರಕ್ತದೊತ್ತಡದ ಮಾತ್ರೆ ಎರಡು ತಿಂಗಳಿಗಾಗುವಷ್ಟು. ಪ್ರತಿಯೊಂದರ ಮೇಲೂ ರಟ್ಟಿನ ಚೂರು, ಚೂರಿನ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಕು. ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ.

ಅವಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಅಂಟಿಸುವ ವಿಭಾಗದವಳು. ಗಂಡ ಅಲ್ಲೇ ಕತ್ತರಿಸುವ ಯಂತ್ರದ ಮೇಲೆ. ಯಾರು ಏನು ಎತ್ತಿದರೂ ಇಳಿಸಿದರೂ "ಜೋಪಾನ, ಜೋಪಾನ" ಅನ್ನುವುದು ಅವಳ ಅಭ್ಯಾಸ. ಹಾಗಾಗಿ ಕಾರ್ಖಾನೆಗೆಲ್ಲ ಅವಳು ಜೋಪಾನಕ್ಕ.

ಮೊದಲು ಅವಳು ಹಾಗಿರಲಿಲ್ಲ. ಮೂರು ವರ್ಷದ ಹಿಂದೆ ಕಾರ್ಖಾನೆಗೆ ಬೆಂಕಿ ಬಿದ್ದು ಇಪ್ಪತ್ಮೂರು ದಿನ ಬಾಗಿಲು ಹಾಕಿತ್ತು. ದುಡಿದರೆ ಕೂಲಿ, ಇಲ್ಲವಾದರೆ ಇಲ್ಲ. ಹನ್ನೊಂದನೆಯ ದಿನ ಅವಳು ಒಂದು ಪಾವು ಅಕ್ಕಿಗೆ ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯವಳು ಬಾಗಿಲನ್ನು ಒಂದು ಗೇಣಷ್ಟೇ ತೆರೆದು, ಆ ಸಂದಿನಲ್ಲಿ ಮುಖ ಇಟ್ಟು, "ನಮಗೇ ಇಲ್ಲ ಕಣಮ್ಮ," ಅಂದಳು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅದೇ ವಾರ ಮಾತ್ರೆಯನ್ನು ಅರ್ಧರ್ಧ ಮುರಿದು ನುಂಗುತ್ತಿದ್ದ ಅತ್ತೆ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡರು. ಆ ಬಾಗಿಲಿನ ಸಂದು, ಆ ಹಣೆಯ ರಕ್ತ, ಎರಡೂ ಅವಳ ಕಣ್ಣಿಗೆ ಕಟ್ಟಿದ ಹಾಗೆ ಉಳಿದವು. ಕಾರ್ಖಾನೆ ತೆರೆದ ದಿನವೇ ಮಂಚಕ್ಕೆ ಇಟ್ಟಿಗೆ ಕೊಟ್ಟಳು. ಆವತ್ತಿನಿಂದ ದಿನಾ ಅಳೆಯುವ ಅಕ್ಕಿಯಿಂದ ಒಂದು ಹಿಡಿ ಟ್ರಂಕಿಗೆ. ಆವತ್ತಿನಿಂದಲೇ ಅವಳಿಗೆ ರಾತ್ರಿ ಹೊತ್ತು ಹಸಿವಿಲ್ಲ. ಅದು ಮನೆಮಂದಿಗೆಲ್ಲ ಗೊತ್ತಿದ್ದ ವಿಷಯ, ಯಾರೂ ಅದರ ಬಗ್ಗೆ ಕೇಳುತ್ತಿರಲಿಲ್ಲ.

ಈ ಟ್ರಂಕಿನ ಸುದ್ದಿ ಕಾರ್ಖಾನೆಯ ಆಫೀಸಿಗೆ ಮುಟ್ಟಿಸಿದ್ದು ಪಿನ್ನಕ್ಕ. ಅದೇ ವಿಭಾಗದಲ್ಲಿ ಪೆಟ್ಟಿಗೆಗೆ ಪಿನ್ನು ಹೊಡೆಯುವ ಯಂತ್ರದ ಮುಂದೆ ಕೂರುವವಳು, ಬಾಯಿಯೂ ಹಾಗೇ. ಹೊಸದಾಗಿ ಬಂದ ಕ್ಷೇಮಾಧಿಕಾರಿ ಮೇಡಂ ಕ್ಯಾಂಟೀನಿನಲ್ಲಿ ಎಲ್ಲರನ್ನೂ "ಮನೇಲಿ ಹೇಗೆ ನಡೀತಿದೆ?" ಎಂದು ಕೇಳುತ್ತಿದ್ದಾಗ ಪಿನ್ನಕ್ಕ ಅಂದಳಂತೆ, "ನಮ್ಮದು ದೇವರಿಗೇ ಪ್ರೀತಿ. ಜೋಪಾನಕ್ಕನ ಮನೆ ನೋಡಿ ಮೇಡಂ, ಪ್ರಳಯ ಆದ್ರೂ ಅವಳು ಮಂಚದ ಮೇಲೆ ಕೂತು ಬೇಳೆ ಆರಿಸ್ತಿರ್ತಾಳೆ."

ಮೇಡಂ ಮುಂದಿನ ಭಾನುವಾರವೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಮಂಡಿಯೂರಿ, ಮಂಚದ ಕೆಳಗೆ ಇಣುಕಿ ನೋಡಿದರು. ಫೋನಿನಲ್ಲಿ ಫೋಟೋ ತೆಗೆದರು. ದೀಪದ ಲೋಟ ಕೈಗೆತ್ತಿಕೊಂಡು "ಎಷ್ಟು ಚೆನ್ನಾಗಿದೆ" ಅಂದರು. ಅದನ್ನು ಜೋಪಾನಕ್ಕನ ಕೈಗೆ ಕೊಟ್ಟು, ನಗಿಸಿ, ಇನ್ನೊಂದು ಫೋಟೋ ತೆಗೆದರು. ಚಾದರದ ನಡುಹೊಲಿಗೆಯನ್ನು ಬೆರಳಲ್ಲಿ ಸವರಿದರು. ಜೋಪಾನಕ್ಕನ ಮೂರು ವರ್ಷದ ಕೆಲಸವನ್ನು ಯಾರೂ ಹೀಗೆ ಒಂದೊಂದಾಗಿ ಮುಟ್ಟಿ ನೋಡಿರಲಿಲ್ಲ. ಅವಳ ಎದೆ ಉಬ್ಬಿತು. ಈಗ ನೆನೆದರೆ ಆ ಉಬ್ಬಿದ ಎದೆಯ ಮೇಲೆ ಅವಳಿಗೇ ಸಿಟ್ಟು.

"ಅಕಸ್ಮಾತ್ ಒಂದು ಪೈಸೆಯೂ ಬರಲಿಲ್ಲ ಅಂದ್ರೆ, ಎಷ್ಟು ದಿನ ನಡೆಸ್ತೀರಾ?" ಮೇಡಂ ಕೇಳಿದರು.

"ನಲವತ್ತು ದಿನ," ಅಂದಳು. ಯೋಚಿಸಬೇಕಾಗಿರಲಿಲ್ಲ. ಅದು ಅವಳ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ.

"ನಲವತ್ತು," ಎಂದು ಮೇಡಂ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು.

ಅವರು ಹೋದ ಮೇಲೆ ಅತ್ತೆ ಗೋಡೆಗೆ ಒರಗಿದ್ದಲ್ಲಿಂದಲೇ ಅಂದರು, "ಪರರ ಮನೆ ಮಂಚದ ಕೆಳಗೆ ಇಣುಕೋರು ಇಬ್ಬರೇ. ಒಂದು ಬೆಕ್ಕು, ಇನ್ನೊಂದು ಕಳ್ಳ."

"ಅತ್ತೆ, ಅವರು ಓದಿದೋರು."

"ನಾನು ಅದನ್ನೇ ಹೇಳಿದ್ದು."

ಅದಾದ ವಾರ ಮೇಡಂ ಒತ್ತಾಯಕ್ಕೆ ಕ್ಯಾಂಟೀನಿನಲ್ಲಿ ಜೋಪಾನಕ್ಕನ ಭಾಷಣವಾಯಿತು. ಬಿ.ಎ. ಎರಡನೆಯ ವರ್ಷದವರೆಗೆ ಓದಿದ್ದವಳು. ಮಾತು ಜೋಡಿಸುವುದು ಗೊತ್ತಿತ್ತು. ನಾಲ್ಕು ದಿನ ಬರೆದು ಹೊಡೆದು ಮತ್ತೆ ಬರೆದಳು. ಟೂತ್‌ಪೇಸ್ಟಿನ ಟ್ಯೂಬನ್ನು ಕೊನೆಗೆ ಕತ್ತರಿಯಿಂದ ಸೀಳಿದರೆ ಇನ್ನೂ ಐದು ದಿನ ಬರುತ್ತದೆ ಎಂದು ತೋರಿಸಿದಾಗ ಹೆಂಗಸರು ನಕ್ಕರು. ದಿನಕ್ಕೆ ಒಂದು ಹಿಡಿ ಅಕ್ಕಿ ತೆಗೆದಿಡಿ ಎಂದಾಗ ಮೇಡಂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಕೈಯಾರೆ ಮೂರು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಒಂದರೊಳಗೊಂದು ಕೂರುವಂಥವು. ದೊಡ್ಡದರ ಮುಚ್ಚಳ ಮಾತ್ರ ಕೂರುತ್ತಿರಲಿಲ್ಲ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಹದಿನೈದು ದಿನದ ನಂತರ ಒಂದು ಸೋಮವಾರ ಬೆಳಿಗ್ಗೆ ಗೇಟಿನ ಒಳಗೋಡೆಯ ಮೇಲೆ ಅವಳ ಮುಖ ಇತ್ತು.

ಬಾಗಿಲಗಲದ ಪೋಸ್ಟರು. ಮಂಚ, ಮಂಚದ ಕೆಳಗಿನ ಟ್ರಂಕು, ಪಕ್ಕದಲ್ಲಿ ಲೋಟದ ದೀಪ ಹಿಡಿದು ಹಲ್ಲು ಕಾಣುವ ಹಾಗೆ ನಗುತ್ತಿರುವ ಅವಳು. ಮೇಲೆ ದಪ್ಪ ಅಕ್ಷರದಲ್ಲಿ, 'ನಲವತ್ತು ದಿನಕ್ಕೆ ನಾವು ಸಿದ್ಧ'. ಅದರ ಕೆಳಗೆ ಟೈಪು ಮಾಡಿದ ಒಂದು ಹಾಳೆ. ಗಿರಾಕಿಗಳಿಂದ ಹಣ ಬರುವುದು ತಡವಾಗುತ್ತಿದೆ. ಕಾರ್ಮಿಕ ಕುಟುಂಬಗಳು ನಲವತ್ತು ದಿನ ನಿಭಾಯಿಸಬಲ್ಲವು ಎಂದು ಕ್ಷೇಮ ವಿಭಾಗದ ಸಮೀಕ್ಷೆಯಿಂದ ತಿಳಿದುಬಂದಿದೆ. ಆದ್ದರಿಂದ ಈ ತಿಂಗಳ ಸಂಬಳವನ್ನು ನಲವತ್ತು ದಿನಗಳ ನಂತರ ನೀಡಲಾಗುವುದು. ಸಹಕರಿಸಿ.

ಅವಳು ಎರಡು ಸಲ ಓದಿದಳು. ಸಮೀಕ್ಷೆ ಎಂದರೆ ಒಂದು ಮನೆ. ಒಂದು ಮಂಚ. ಒಂದು ಭಾನುವಾರ.

ಹಿಂದೆ ನಿಂತಿದ್ದ ಪಿನ್ನಕ್ಕ ಮೆಲ್ಲಗೆ ಅಂದಳು, "ಫೋಟೋ ಚೆನ್ನಾಗಿ ಬಂದಿದೆ ಜೋಪಾನಕ್ಕ. ಕಣ್ಣು ಬೀಳುತ್ತೆ, ದೃಷ್ಟಿ ತೆಗೆಸಿಕೋ."

"ನಾನು ಇದಕ್ಕೆ ಹೇಳಲಿಲ್ಲ ಕಣೇ."

"ಯಾವುದಕ್ಕೆ ಹೇಳಿದ್ದು ಮತ್ತೆ? ನನ್ನ ಮಗೂಗೆ ಹಾಲು ಈ ಒಂದನೇ ತಾರೀಕಿನ ದುಡ್ಡಲ್ಲಿ ಬರಬೇಕು. ನಿನ್ನ ಭಾಷಣ ಕುಡಿಸ್ಲಾ?"

ಇಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವಳ ಅಂಟಿಸುವ ಮೇಜಿನ ಮೇಲೆ ಒಂದು ಖಾಲಿ ಡಬ್ಬಿ ಇತ್ತು. ಯಾರದೋ ಮರೆತದ್ದು ಎಂದು ಪಕ್ಕಕ್ಕೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅಂಟು ತರಲು ಹೋಗಿ ಬರುವಷ್ಟರಲ್ಲಿ ಮತ್ತೆರಡು. ಯಾರೂ ಏನೂ ಅನ್ನಲಿಲ್ಲ; ಹಾದುಹೋಗುವಾಗ ಇಟ್ಟು ಹೋದರು. ಸಂಜೆಯ ಹೊತ್ತಿಗೆ ಒಂಬತ್ತು ಡಬ್ಬಿ ಸಾಲಾಗಿ ನಿಂತಿದ್ದವು. ಆ ವಿಭಾಗದಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂಬತ್ತೇ ಹೆಂಗಸರು. ಕೊನೆಯ ಡಬ್ಬಿಯ ಮೇಲೆ ಅವಳದ್ದೇ ರೀತಿಯಲ್ಲಿ ಒಂದು ರಟ್ಟಿನ ಚೂರು ಅಂಟಿಸಿ ಪೆನ್ಸಿಲಿನಲ್ಲಿ ಬರೆದಿದ್ದರು: 'ತುಂಬಿಸಿ ಕೊಡು. ಜೋಪಾನ.'

ಅವಳ ಕಿವಿ ಬಿಸಿಯಾಯಿತು. ಯಾರ ಮೇಲೆ ಸಿಟ್ಟಾಗಬೇಕು ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು. ಒಲೆಯಿಲ್ಲದ ಉರಿ, ಹಿಡಿದ ಕೈಯನ್ನೇ ಸುಡುತ್ತದೆ. ಅಂಟಿನ ಕುಂಚ ಇಟ್ಟು ನೇರವಾಗಿ ಆಫೀಸಿಗೆ ಹೋದಳು.

ಆಫೀಸಿನ ಕಿಟಕಿಯಿಂದ ಗೋದಾಮು ಕಾಣುತ್ತಿತ್ತು. ಹೋದ ವರ್ಷದವರೆಗೆ ಅದರ ತುಂಬ ಸಿದ್ಧ ಪೆಟ್ಟಿಗೆಗಳಿರುತ್ತಿದ್ದವು. ಈಗ ಅದನ್ನು ಟೈರು ವ್ಯಾಪಾರಿಗೆ ಬಾಡಿಗೆಗೆ ಕೊಟ್ಟಿದ್ದರು. ಬಿಸಿಲೇರಿದರೆ ರಬ್ಬರಿನ ವಾಸನೆ ಅಂಟಿಸುವ ಕೋಣೆಯವರೆಗೂ ಬರುತ್ತಿತ್ತು. ಮಾಲು ಕೂಡಿಟ್ಟುಕೊಳ್ಳುವುದು ಹಳೆಯ ಕಾಲದ ದಡ್ಡತನ, ಬೆಳಿಗ್ಗೆ ಮಾಡು ಮಾರನೆಯ ದಿನ ಕಳಿಸು, ಎಂದು ಮ್ಯಾನೇಜರು ಬಂದ ಅತಿಥಿಗಳಿಗೆಲ್ಲ ಹೆಮ್ಮೆಯಿಂದ ವಿವರಿಸುತ್ತಿದ್ದರು. ಔಷಧಿ ಕಂಪನಿಯ ಲಾರಿ ದಿನಾ ಹನ್ನೊಂದು ಗಂಟೆಗೆ ಬಂದು ಹಿಂದಿನ ದಿನದ ಪೆಟ್ಟಿಗೆ ಒಯ್ಯುತ್ತಿತ್ತು.

"ಮೇಡಂ, ಆ ಪೋಸ್ಟರು ತೆಗೆಸಿ," ಅಂದಳು.

ಮೇಡಂಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಯಾಕಮ್ಮ? ಎಲ್ಲರಿಗೂ ಸ್ಫೂರ್ತಿ ಅಲ್ವಾ ನೀವು?"

"ನಾನು ಕೂಡಿಟ್ಟಿದ್ದು ಬೆಂಕಿಗೆ, ಕಾಯಿಲೆಗೆ. ನಿಮ್ಮ ತಡಕ್ಕೆ ಅಲ್ಲ."

"ನಲವತ್ತು ದಿನ ಅಂತ ನೀವೇ ಹೇಳಿದ್ರಿ. ನಾನು ಸೇರಿಸಿದ್ದು ಒಂದಕ್ಷರ ಇಲ್ಲ. ಸುಳ್ಳಾಗಿತ್ತಾ ಅದು?"

ಸುಳ್ಳಲ್ಲ. ಅಳೆದದ್ದು. ಅವಳು ಕಿಟಕಿಯಾಚೆಯ ಗೋದಾಮು ನೋಡಿದಳು.

ಮೇಡಂ ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದರು. ಗುರುವಾರ ಮಾಲೀಕರೇ ಬರುತ್ತಾರೆ. ಕ್ಯಾಂಟೀನಿನಲ್ಲಿ ಸಭೆ. ಜನ ಸ್ವಲ್ಪ ಬಿಸಿಯಾಗಿದ್ದಾರೆ, ತಮ್ಮವರ ಮಾತೇ ಅವರಿಗೆ ಬೇಗ ತಲುಪುತ್ತದೆ. "ನೀವು ಎದ್ದು ನಿಂತು, ಮನಸ್ಸು ಮಾಡಿದ್ರೆ ನಡೆಸಬಹುದು, ನಾನು ನಡೆಸ್ತೀನಿ ಅಂತ ಎರಡು ಮಾತು ಹೇಳಿ, ಸಾಕು. ನಿಮ್ಮದೂ ನಿಮ್ಮ ಯಜಮಾನರದೂ ಸಂಬಳ ಮಾತ್ರ ಒಂದನೇ ತಾರೀಕಿಗೇ ಬರುತ್ತೆ. ಇದು ನಮ್ಮಿಬ್ಬರಲ್ಲೇ ಇರಲಿ."

ಮನೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಅವಳು ಎಲ್ಲವನ್ನೂ ಹೇಳಿದಳು. ಮಗಳು ಮಂಚದ ಮೇಲೆ ಕೂತು ಪಾಠ ಬರೆಯುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ಅತ್ತೆ ಮಣೆ ಹಾಕಿಕೊಂಡು ಬೆಳಗಿನ ಪಾತ್ರೆ ಉಜ್ಜುತ್ತಿದ್ದರು. ಆ ಮನೆಯಲ್ಲಿ ಪಾತ್ರೆ ಅವರದೇ ಪಾಲು. ಬೇರೆ ಯಾರು ತೊಳೆದರೂ ಸೋಪು ಹೆಚ್ಚು ಖರ್ಚಾಗುತ್ತದೆ ಎಂದು ಯಾರಿಗೂ ಬಿಡುತ್ತಿರಲಿಲ್ಲ.

ಗಂಡ ಗಲ್ಲ ಕೆರೆದುಕೊಂಡ. "ಎರಡು ಮಾತು ತಾನೇ? ಆಡಿ ಬಾ. ಆವತ್ತು ನಮ್ಮ ಹೊಟ್ಟೆ ಉರೀತಿದ್ದಾಗ ಇವರಲ್ಲಿ ಯಾರು ಅಕ್ಕಿ ತಂದು ಹಾಕಿದ್ರು?"

"ಪಿನ್ನಕ್ಕನ ಮಗೂಗೆ ಹಾಲಿಗೆ ಇಲ್ಲ ರೀ."

"ಅವಳೂ ದಿನಾ ಒಂದು ಹಿಡಿ ತೆಗೆದಿಡಬೇಕಿತ್ತು. ನೀನೇ ಹೇಳಿಕೊಟ್ಟೆಯಲ್ಲ."

ಹಿತ್ತಿಲಿನಿಂದ ಉಜ್ಜುವ ಸದ್ದು ನಿಂತಿತು. "ಏನು ಹೇಳಬೇಕಂತೆ ಇವಳು?" ಎಂದು ಅತ್ತೆ ಕೇಳಿದರು.

"ನಲವತ್ತು ದಿನ ನಡೆಸಬಹುದು ಅಂತ, ಅಷ್ಟೇ ಅಮ್ಮ."

"ಓಹೋ. ಸುಳ್ಳು ಹೇಳೋಕೂ ಸಂಬಳ ಕೊಡ್ತಾರಾ ಈಗ?"

"ಸುಳ್ಳಲ್ಲ ಅತ್ತೆ," ಅವಳ ದನಿ ಏರಿತು. ಬೆಳಗಿನಿಂದ ಎರಡನೆಯ ಸಲ ಕೇಳುತ್ತಿದ್ದ ಮಾತು ಅದು. "ಅಳೆದಿದ್ದೀನಿ. ಪಾವಿನಲ್ಲಿ ಅಳೆದಿದ್ದೀನಿ."

"ಎಷ್ಟು ತಟ್ಟೆಗೆ ಅಳೆದೆ?"

ಅವಳು ಟ್ರಂಕಿನ ಕಡೆ ನೋಡಿದಳು.

"ಹೇಳು. ನಾನು ಓದಿದೋಳಲ್ಲ, ಪಾತ್ರೆ ತೊಳೆಯೋಳು. ಬೆಳಿಗ್ಗೆ ನನ್ನ ಮುಂದೆ ರಾತ್ರಿ ಉಂಡ ತಟ್ಟೆ ಬಂದು ಬೀಳುತ್ತಲ್ಲ, ಮೂರು ವರ್ಷದಿಂದ ಮೂರೇ ಬರ್ತಿದೆ. ಮನೇಲಿ ಇರೋರು ನಾಲ್ಕು ಜನ. ನಿನ್ನ ನಲವತ್ತು ದಿನ ಎಷ್ಟು ತಟ್ಟೆದು?"

"ಮೂರು," ಅಂದಳು. ಹೇಳಿದ ಮೇಲೆ ಅವಳಿಗೇ ಅದು ಹೊಸದಾಗಿ ಕೇಳಿಸಿತು. ಅವಳು ಯಾವತ್ತೂ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ; ಮಗಳಿಗೆ, ಅತ್ತೆಗೆ, ಗಂಡನಿಗೆ ಎಂದು ಅಳೆಯುತ್ತ ಹೋಗಿದ್ದಳು, ಪಾವು ಅಲ್ಲಿಗೇ ನಿಂತುಬಿಡುತ್ತಿತ್ತು.

ಗಂಡ ಮೆಲ್ಲಗೆ ಅಂದ, "ನಿನಗೆ ರಾತ್ರಿ ಹಸಿವಿರಲ್ಲ ಅಂತಿದ್ದೆ."

"ಮೂರು ವರ್ಷ ಒಂದು ಜೀವಕ್ಕೆ ಹಸಿವಾಗಲ್ವಾ? ಒಂದು ದಿನ ಕೇಳಿದ್ರಾ ನೀವು?" ಅವನು ತಲೆ ತಗ್ಗಿಸಿದ. ಅವಳು ಅತ್ತೆಯ ಕಡೆ ತಿರುಗಿದಳು. ಸಿಟ್ಟಿಗೆ ಕೊನೆಗೂ ಬಾಯಿ ಸಿಕ್ಕಿತ್ತು. "ನೀವು ನೋಡ್ತಾನೇ ಇದ್ರಿ. ಮೂರು ವರ್ಷ ನೋಡಿಕೊಂಡು ಸುಮ್ಮನಿದ್ರಿ."

ಅತ್ತೆ ಸೋಪಿನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡರು. "ಇದ್ದೆ. ನಾನೂ ಹಾಗೇ ಮಾಡಿ ಇವನನ್ನು ಸಾಕಿದೋಳು. ನಮ್ಮತ್ತೆಯೂ ನೋಡಿಕೊಂಡು ಸುಮ್ಮನಿದ್ರು. ಅದೇ ಮನೆ ನಡೆಸೋ ರೀತಿ ಅಂದುಕೊಂಡಿದ್ದೆ." ಮತ್ತೆ ಅಂದರು, "ನೀನು ಅದನ್ನ ಗೋಡೆ ಮೇಲೆ ಅಂಟಿಸಿ ಊರಿಗೆಲ್ಲ ಪಾಠ ಹೇಳಿಕೊಡೋವರೆಗೂ ನನಗೆ ತಪ್ಪು ಅನ್ನಿಸಿರಲಿಲ್ಲ."

ಮಗಳು ಬರೆಯುವುದನ್ನು ನಿಲ್ಲಿಸಿ ಇವರನ್ನೇ ನೋಡುತ್ತಿದ್ದಳು. ಆ ನೋಟ ಜೋಪಾನಕ್ಕನಿಗೆ ಬೇಕಿರಲಿಲ್ಲ. ಅವಳು ಟ್ರಂಕು ಎಳೆದಳು. ಪಾವು ಕೈಗೆ ತೆಗೆದುಕೊಂಡು ಮತ್ತೆ ಅಳೆಯಲು ಕೂತಳು, ಈ ಸಲ ನಾಲ್ಕು ತಟ್ಟೆಗೆ.

ಗುರುವಾರ ಮಧ್ಯಾಹ್ನ ಕ್ಯಾಂಟೀನು ತುಂಬಿತ್ತು. ಮಾಲೀಕರು ತೆಳ್ಳಗಿನ, ಮೃದುವಾಗಿ ಮಾತಾಡುವ ಮನುಷ್ಯ. ಎದುರಿಗೆ ಯಾರೂ ಮುಟ್ಟದ ಒಂದು ಲೋಟ ನೀರು. ಮ್ಯಾನೇಜರು ಪಕ್ಕದಲ್ಲಿ, ಮೇಡಂ ಅವರ ಪಕ್ಕದಲ್ಲಿ. ಗಂಡಸರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅಂಟಿಸುವ ವಿಭಾಗದ ಒಂಬತ್ತು ಹೆಂಗಸರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಮೇಡಂ ಅವಳ ಪರಿಚಯ ಮಾಡಿದಾಗ ಚಪ್ಪಾಳೆ ತಟ್ಟಿದ್ದು ಮೇಡಂ ಒಬ್ಬರೇ.

ಜೋಪಾನಕ್ಕ ಚೀಲದಿಂದ ನಾಲ್ಕು ತಟ್ಟೆ ತೆಗೆದು ಮಾಲೀಕರ ಮುಂದಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ತಟ್ಟೆಗಳು ಸದ್ದು ಮಾಡಿದವು.

"ಇದು ನನ್ನ ಮಗಳದ್ದು. ಇದು ಅತ್ತೆಯದ್ದು. ಇದು ನನ್ನ ಗಂಡಂದು, ಅಲ್ಲಿ ಹಿಂದೆ ನಿಂತಿದ್ದಾರಲ್ಲ, ಅವರದ್ದು. ಇದು ನಂದು." ನಾಲ್ಕನೆಯ ತಟ್ಟೆಯನ್ನು ಕೈಗೆತ್ತಿಕೊಂಡು ಬೋರಲು ಹಾಕಿದಳು. "ಗೋಡೆ ಮೇಲಿರೋ ನಲವತ್ತು ದಿನ ಹೀಗೆ ಬಂದಿದ್ದು. ದಿನಕ್ಕೊಂದು ಹಿಡಿ ತೆಗೆದಿಡಿ ಅಂತ ನಿಮಗೆಲ್ಲ ಹೇಳಿದೆ. ಆ ಹಿಡಿ ಎಲ್ಲಿಂದ ಬರುತ್ತೆ ಅಂತ ಹೇಳಲಿಲ್ಲ. ನನಗೇ ನಾನು ಹೇಳಿಕೊಂಡಿರಲಿಲ್ಲ. ನಾನು ರಾತ್ರಿ ಉಣ್ಣಲ್ಲ. ಮೂರು ವರ್ಷ ಆಯ್ತು."

ಹಿಂದೆ ಯಾರೋ ಕೆಮ್ಮಿದರು. ಪಿನ್ನಕ್ಕನ ಕಟ್ಟಿದ ಕೈ ಸಡಿಲವಾಯಿತು.

"ನಾಲ್ಕು ತಟ್ಟೆಗೆ ಅಳೆದ್ರೆ ಮೂವತ್ತೇ ದಿನ. ಉಳಿದ ಹತ್ತು ದಿನ ನನ್ನ ಹೊಟ್ಟೆ. ನೀವು ನಿಮ್ಮ ಹಾಳೇಲಿ ಬರೆದುಕೊಂಡಿದ್ದು ನನ್ನ ಹೊಟ್ಟೇನ."

"ನಿಮ್ಮ ತ್ಯಾಗವನ್ನು ನಾವು ಗೌರವಿಸ್ತೀವಿ," ಅಂದರು ಮಾಲೀಕರು.

"ತ್ಯಾಗ ಅಲ್ಲ ಸ್ವಾಮಿ, ಹೆದರಿಕೆ. ಬೆಂಕಿ ಬಿದ್ದಾಗ ನಿಮ್ಮ ಕಾರ್ಖಾನೆ ಒಂದು ಪಾವು ಅಕ್ಕಿ ಕೊಡಲಿಲ್ಲ, ಅದಕ್ಕೆ ಹುಟ್ಟಿದ ಹೆದರಿಕೆ." ಅವಳು ಉಸಿರೆಳೆದುಕೊಂಡಳು. ಬರೆದುಕೊಂಡು ಬಂದ ಮಾತು ಅಲ್ಲಿಗೆ ಮುಗಿದಿತ್ತು. ಮುಂದಿನದು ಅವಳ ಬಾಯಿಗೆ ತಾನಾಗಿಯೇ ಬಂತು. ಬಹುಶಃ ಕಿಟಕಿಯಿಂದ ಬರುತ್ತಿದ್ದ ಟೈರಿನ ವಾಸನೆಯಿಂದ ಇರಬೇಕು. "ನಿಮ್ಮ ಮೇಡಂ ನಮ್ಮ ಮಂಚದ ಕೆಳಗೆ ಇಣುಕಿ ನೋಡಿದ್ರು. ನಿಮ್ಮ ಮಂಚದ ಕೆಳಗೆ ಯಾರೂ ನೋಡಿಲ್ಲ. ಒಂದು ಕೇಳ್ತೀನಿ. ಗೋದಾಮಿನಲ್ಲಿ ಎಷ್ಟು ದಿನದ ಪೆಟ್ಟಿಗೆ ಇದೆ?"

ಮಾಲೀಕರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ಮೇಡಂ ಕಡೆ ನೋಡಿದರು.

"ಇಲ್ಲಿರೋರಿಗೆಲ್ಲ ಗೊತ್ತು," ಎಂದು ಮೊದಲ ಸಾಲಿನಿಂದ ಪಿನ್ನಕ್ಕ ಅಂದಳು, ಕೂತಲ್ಲಿಂದಲೇ, ಹವಾಮಾನ ಹೇಳುವ ಹಾಗೆ. "ಗೋದಾಮಿನಲ್ಲಿ ಟೈರಿದೆ."

ಒಬ್ಬ ಗಂಡಸು ನಕ್ಕ. ನಗು ಗೋಡೆಯುದ್ದಕ್ಕೂ ಹರಿದು ಬಾಗಿಲವರೆಗೆ ಹೋಯಿತು.

"ನಾಳೆ ಹನ್ನೊಂದಕ್ಕೆ ಲಾರಿ ಬರುತ್ತೆ," ಜೋಪಾನಕ್ಕ ಹೇಳಿದಳು. "ಇವತ್ತು ಬೆಳಿಗ್ಗೆ ಅಂಟಿಸಿದ್ದು ಅರ್ಧ ಲಾರಿಗಿದೆ. ನಾಡಿದ್ದಿಗೆ ಏನೂ ಇಲ್ಲ. ನಲವತ್ತು ದಿನ ಕಾಯಿರಿ ಅಂತ ನಮಗೆ ಹೇಳೋರು ಎರಡು ದಿನ ಕಾಯೋ ಹಾಗಿಲ್ಲ. ಕತ್ತರಿಸಿದ್ದು, ಅಚ್ಚು ಹಾಕಿದ್ದು, ಎಲ್ಲ ನಮ್ಮ ಹತ್ತು ಜನದ ಕೈ ದಾಟದೆ ಪೆಟ್ಟಿಗೆ ಆಗಲ್ಲ."

"ಇದು ಬೆದರಿಕೆಯಾ?" ಮ್ಯಾನೇಜರು ಎದ್ದು ನಿಂತರು.

"ಸಮೀಕ್ಷೆ," ಅಂದಳು.

ತಟ್ಟೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಅಂಟಿಸುವ ಕೋಣೆಗೆ ಹೋಗಿ ಒಂಬತ್ತು ಖಾಲಿ ಡಬ್ಬಿಗಳನ್ನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿದಳು. ಒಂಬತ್ತು ಹೆಂಗಸರೂ ಬಂದು ಬಾಗಿಲಲ್ಲಿ ನಿಂತಿದ್ದರು.

"ಏನು ನೋಡ್ತೀರಾ?" ಅಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇವರ ಮೇಲೂ ಇತ್ತು. "ತುಂಬಿಸಿ ಕೊಡು ಅಂದ್ರಲ್ಲ. ಬನ್ನಿ ಮನೆಗೆ. ನಮ್ಮ ಮನೇಲಿ ಒಂದು ತಿಂಗಳು ಬರೋದು ಹತ್ತು ಮನೆಗೆ ಮೂರು ದಿನ ಬರುತ್ತೆ. ಮೂರೇ ದಿನ. ನಾಲ್ಕನೇ ದಿನ ಯಾರೂ ಬಂದು ಬಾಗಿಲು ತಟ್ಟಬೇಡಿ, ನನ್ನ ಹತ್ತಿರ ಏನೂ ಇರಲ್ಲ."

ಪಿನ್ನಕ್ಕ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು. "ಜೋಪಾನ," ಅಂದಳು. ಯಾರೂ ನಗಲಿಲ್ಲ.

ಮನೆಯಲ್ಲಿ ಮಂಚ ಎತ್ತಿ ಪಕ್ಕಕ್ಕಿಟ್ಟರು. ಜೋಪಾನಕ್ಕ ನೆಲದ ಮೇಲೆ ಕೂತು, ತನ್ನ ಮನೆಯ ಮೂರು ದಿನದ ಪಾಲು ತೆಗೆದಿಟ್ಟು, ಉಳಿದದ್ದನ್ನು ಅಳೆದಳು. ಅಕ್ಕಿ, ಬೇಳೆ, ಉಪ್ಪು, ಎಣ್ಣೆ, ಕಡ್ಡಿಪೆಟ್ಟಿಗೆ, ಒಂದೊಂದು ಸೋಪಿನುಂಡೆ. ಪ್ರತಿ ಮನೆಗೂ ಮೊದಲು "ಎಷ್ಟು ತಟ್ಟೆ?" ಎಂದು ಕೇಳಿದಳು. ಒಬ್ಬಳು "ಮೂರು" ಎಂದಾಗ ಅತ್ತೆ ಮಣೆಯ ಮೇಲಿಂದ, "ನಿನ್ನನ್ನೂ ಸೇರಿಸಿ ಹೇಳೇ," ಎಂದು ಗದರಿದರು. ಅವಳು "ನಾಲ್ಕು" ಎಂದು ತಿದ್ದಿದಳು. ಸಕ್ಕರೆಯೆಲ್ಲ ಪಿನ್ನಕ್ಕನ ಮನೆಗೆ ಹೋಯಿತು; ಹಾಲಿಗೆ ಜೋಪಾನಕ್ಕನ ಗಂಡ ತನ್ನ ಜೇಬಿನಿಂದ ಏನೋ ಕೊಟ್ಟ, ಎಷ್ಟು ಎಂದು ಅವಳು ನೋಡಲಿಲ್ಲ. ಕೊನೆಯ ಡಬ್ಬಿಗೆ ಅಕ್ಕಿ ಸುರಿಯುವಾಗ ಟ್ರಂಕಿನ ತಳದ ತಗಡು ಕಂಡಿತು. ಮೂರು ವರ್ಷದಿಂದ ಕಾಣದಿದ್ದ ತಗಡು. ಪಾವನ್ನು ತಳಕ್ಕೆ ಉಜ್ಜಿ ಉಜ್ಜಿ ಕೊನೆಯ ಕಾಳುಗಳನ್ನೂ ಬಳಿದಳು.

ಶುಕ್ರವಾರ ಹತ್ತು ಜನರೂ ಅಂಟಿಸುವ ಮೇಜಿನ ಮುಂದೆ ಬಂದು ಕೂತರು, ಕುಂಚ ಮುಟ್ಟಲಿಲ್ಲ. ಲಾರಿ ಅರ್ಧ ತುಂಬಿಕೊಂಡು ಹೋಯಿತು. ಮೇಡಂ ಎರಡು ಸಲ ಬಂದು, ಒಬ್ಬೊಬ್ಬರನ್ನೇ ಹೊರಗೆ ಕರೆದು ಮಾತಾಡಿ ನೋಡಿದರು. ಒಬ್ಬೊಬ್ಬರೂ ಒಳಗೆ ಬಂದು ತಮಗೆ ಮಾತ್ರ ಏನು ಕೊಡುತ್ತೇವೆಂದರು ಎಂಬುದನ್ನು ಎಲ್ಲರಿಗೂ ಹೇಳಿದರು. ಜೋಪಾನಕ್ಕನೂ ತನಗೆ ಸೋಮವಾರ ಏನು ಹೇಳಿದ್ದರೆಂದು ಹೇಳಿದಳು. ಅದನ್ನು ಹೇಳಲು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಶನಿವಾರ ಲಾರಿ ಖಾಲಿ ಹೋಯಿತು. ಅದರ ಚಾಲಕ ಕಿಟಕಿಯಿಂದ ತಲೆ ಹಾಕಿ, ಸೋಮವಾರವೂ ಹೀಗೇ ಆದರೆ ಬೇರೆ ಕಡೆ ನೋಡಿಕೊಳ್ಳಲು ಕಂಪನಿ ಹೇಳಿದೆ ಎಂದು ಮ್ಯಾನೇಜರಿಗೆ ಎಲ್ಲರೆದುರೇ ಹೇಳಿದ.

ಮೂರು ಗಂಟೆಗೆ ಹೊಸ ಹಾಳೆ ಬಂತು. ಸಂಬಳ ಒಂದನೆಯ ತಾರೀಕಿಗೇ. ಕಾರಣ ಬರೆದಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಪೋಸ್ಟರು ಕೀಳಲು ಕಾವಲುಗಾರನನ್ನು ಕಳಿಸಿದರು. ಅವನು ಚಾಕು ಹಾಕಿ ಕೆರೆದ. ಆದರೆ ಅದಕ್ಕೆ ಹಚ್ಚಿದ್ದು ಅಂಟಿಸುವ ವಿಭಾಗದ ಅಂಟು, ಜೋಪಾನಕ್ಕನೇ ಕಲಸಿದ್ದು. ಕಾಗದ ಹರಿದು ಹರಿದು ಬಂತೇ ಹೊರತು ಪೂರ್ತಿ ಏಳಲಿಲ್ಲ. ಅವಳ ಹಲ್ಲು, ಲೋಟದ ದೀಪ, 'ನಲವ' ಎಂಬಷ್ಟು ಅಕ್ಷರ ಗೋಡೆಯ ಮೇಲೇ ಉಳಿದವು.

ಹೊರಡುವಾಗ ಮ್ಯಾನೇಜರು ಜೋಪಾನಕ್ಕನನ್ನು ಗೇಟಿನ ಹತ್ತಿರ ತಡೆದು, "ಸೋಮವಾರದಿಂದ ನೀವು ರದ್ದಿ ಕೋಣೆಗೆ ಹೋಗಿ. ಹರಕು ರಟ್ಟು ವಿಂಗಡಿಸೋ ಕೆಲಸ. ಏನೂ ಬಿಸಾಡದ ಜನ ನೀವು, ನಿಮಗೆ ಸರಿಹೋಗುತ್ತೆ," ಎಂದರು.

"ಆಗಲಿ," ಅಂದಳು. ಚೀಲದಿಂದ ಮೂರು ಪ್ಲಾಸ್ಟಿಕ್ ಡಬ್ಬಿ ತೆಗೆದು ಅವರ ಕೈಗಿಟ್ಟಳು. "ದೊಡ್ಡದರ ಮುಚ್ಚಳ ಕೂರಲ್ಲ. ಕೊಟ್ಟ ದಿನದಿಂದಲೂ ಕೂರ್ತಿರಲಿಲ್ಲ."

ಮನೆ ತಲುಪುವವರೆಗೂ ಅವಳ ದವಡೆ ಬಿಗಿದೇ ಇತ್ತು. ಗೆದ್ದೆವು ಎಂದು ದಾರಿಯಲ್ಲಿ ಗಂಡ ಎರಡು ಸಲ ಅಂದ. ಅವಳಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ದುಡಿದ ಸಂಬಳ ದುಡಿದ ತಿಂಗಳಿಗೆ ಬರುವುದಕ್ಕೆ ಮೂರು ವರ್ಷದ ಅಕ್ಕಿ ಖರ್ಚಾಗಿತ್ತು. ಈಗ ಬೆಂಕಿ ಬಿದ್ದರೆ? ಅತ್ತೆಗೆ ಜ್ವರ ಬಂದರೆ? ಮಂಚದ ಕೆಳಗೆ ನೀರಿನ ಬಾಟಲಿ, ಮಾತ್ರೆ, ಚಾದರ, ದೀಪದ ಲೋಟ ಬಿಟ್ಟರೆ ಗಾಳಿ ಇತ್ತು.

ಗಂಡ ಒಲೆ ಹಚ್ಚಿದ. ಯಾರೂ ಹೇಳಿರಲಿಲ್ಲ. ಅನ್ನ ಸ್ವಲ್ಪ ತಳ ಹಿಡಿಯಿತು. ಮಗಳು ತಟ್ಟೆ ಹಾಕಿದಳು, ನಾಲ್ಕು, ನಾಲ್ಕನೆಯದನ್ನು ಸದ್ದು ಬರುವ ಹಾಗೆ ನೆಲಕ್ಕೆ ಇಟ್ಟಳು. ಜೋಪಾನಕ್ಕ ಕೂತಳು. ಒಂದು ತುತ್ತು ಉಂಡು ಕೈ ತಡೆದಳು. ಹೊಟ್ಟೆಗೆ ಆ ಹೊತ್ತಿನ ಅಭ್ಯಾಸ ತಪ್ಪಿತ್ತು. ನೀರು ಕುಡಿದು ಮತ್ತೆ ಉಂಡಳು. ಎದುರಿನ ಗೋಡೆಯನ್ನು ನೋಡುತ್ತ, ಯಾರ ಮೇಲೋ ಹಗೆ ತೀರಿಸಿಕೊಳ್ಳುವವಳ ಹಾಗೆ, ಒಂದಗುಳೂ ಬಿಡದೆ ಉಂಡಳು.

ಬೆಳಿಗ್ಗೆ ಅತ್ತೆ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತವರು ಕೂಗಿ ಹೇಳಿದರು, "ಸೋಪಿನುಂಡೆ ಎಲ್ಲಾ ಹಂಚಿಬಿಟ್ಟೆಯಲ್ಲೇ. ಈಗ ನೋಡು, ಇನ್ನೊಂದು ತಟ್ಟೆ ಜಾಸ್ತಿ ಬಂದಿದೆ. ಯಾತರಲ್ಲಿ ತೊಳೀಲಿ?"

"ಬೂದಿಯಲ್ಲಿ," ಎಂದು ಒಳಗಿನಿಂದ ಉತ್ತರ ಬಂತು. ಅವಳು ಖಾಲಿ ಟ್ರಂಕನ್ನು ಒರೆಸಿ, ಬಿಸಿಲಿಗೆ ಇಡಲು ಹೊರಗೆ ಎಳೆಯುತ್ತಿದ್ದಳು.